ಗಾಳೆಪ್ಪನ ಬಾಗಿಲಿಗೆ ಬಿದ್ದ ಬೀಗ

ಜೀಪಿನ ಸದ್ದು ಕೇಳಿದ್ದೇ ತಡ, ಪಂಕ್ಚರ್ ಅಂಗಡಿಯ ಮಹಬೂಬ್ ಪಕ್ಕದ ಗಾಳೆಪ್ಪ ಡಾಕ್ಟರ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದ. ಕಾನಹೊಸಹಳ್ಳಿಯಲ್ಲಿ ಅದೊಂದು ರೂಢಿಯೇ ಆಗಿಹೋಗಿತ್ತು. ಪರವಾನಗಿಯಿಲ್ಲದ ದವಾಖಾನೆ ಮುಚ್ಚಿಸುವ ಕಾಯ್ದೆ ಬಂದಾಗಿನಿಂದ ಕೂಡ್ಲಿಗಿಯ ಆರೋಗ್ಯ ಇಲಾಖೆ ಸಾಹೇಬರು ಬರುವುದು, ಬೀಗ ನೋಡುವುದು, ಹೋಗುವುದು. ಅಷ್ಟು ಹೊತ್ತೂ ಒಳಗೆ ಡಾಕ್ಟರು, ರೋಗಿಗಳು ಪಿಟ್ಟೆನ್ನದೆ ಕೂತಿರಬೇಕು. ಡಾಕ್ಟರಂತೆ ಡಾಕ್ಟರು! ದಾವಣಗೆರೆಯಲ್ಲಿ ಕಂಪೌಂಡರ್ ಆಗಿದ್ದವನು. ಆದರೇನು, ಹೊತ್ತಲ್ಲದ ಹೊತ್ತಿನಲ್ಲಿ ಕರೆದರೂ ಬರುವವನು ಊರಿಗೆ ಅವನೊಬ್ಬನೇ.

ಇವತ್ತು ಒಳಗೆ ಮಹಬೂಬನ ತಾಯಿ ಪೀರ್ ಬೀ ಇದ್ದಳು. ಜ್ವರಕ್ಕೆ ಆಗಷ್ಟೇ ಸೂಜಿ ಮಾಡಿಸಿಕೊಂಡಿದ್ದಳು.

ಸಾಹೇಬರು ಈ ಸಲ ಹೋಗಲಿಲ್ಲ. ಮಹಬೂಬನ ಬೆಂಚಿನ ಮೇಲೆ ಕೂತು ಚಹಾ ತರಿಸಿದರು.

“ನಿಮ್ಮ ಡಾಕ್ಟರ್ ಎಲ್ಲಿ ಹೋಗ್ಯಾನಪಾ?”

“ಕೊಟ್ಟೂರಿಗ್ರಿ ಸಾಹೇಬ್ರ.”

“ಬರ್ಲಿ ತಗೋ. ಕಾಯ್ತೀನಿ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಷ್ಟರಲ್ಲಿ ಒಳಗಿನಿಂದ ಯಾರೋ ಬಾಗಿಲು ತಟ್ಟಿದರು. ಮಹಬೂಬ್ ಧಡಕ್ಕನೆ ಎದ್ದ. ಸುತ್ತಿಗೆ ಎತ್ತಿಕೊಂಡು ಸೈಕಲ್ ರಿಮ್ಮನ್ನು ಢಣ ಢಣ ಬಡಿಯತೊಡಗಿದ. ಒಳಗಿನವರು ತಟ್ಟಿದಷ್ಟೂ ಇವನು ಜೋರಾಗಿ ಬಡಿದ.

ಕೈ ಸೋತು ನಿಲ್ಲಿಸಿದಾಗ ಒಳಗೆ ಸದ್ದೇ ಇರಲಿಲ್ಲ.

ತಟ್ಟಬಾರದೆಂದು ಗೊತ್ತಿದ್ದವರು ಯಾಕೆ ತಟ್ಟಿದರು? ಈಗ ಯಾಕೆ ಸುಮ್ಮನಾದರು? ಬೀಗ ತೆಗೆದರೆ ಗಾಳೆಪ್ಪ ಜೈಲಿಗೆ, ತಾನು ಊರ ಬಾಯಿಗೆ. ತೆಗೆಯದಿದ್ದರೆ? ಯಾ ಅಲ್ಲಾ, ಒಳಗಿರುವುದು ಹೆತ್ತ ತಾಯಿ! ಸುತ್ತಿಗೆ ಬಿಸಾಕಿ, ಸಾಹೇಬರ ಕಣ್ಣೆದುರೇ ಓಡಿಹೋಗಿ ಬೀಗ ತೆಗೆದ.

ಪೀರ್ ಬೀ ನೆಲದ ಮೇಲೆ ಬಿದ್ದಿದ್ದಳು. ಮುಖ ಊದಿ ತುಟಿ ನೀಲಿಗಟ್ಟಿತ್ತು. ಒಂದು ಕೈಯಿಂದ ಬಾಯಿಗೆ ಸೆರಗು ತುರುಕಿಕೊಂಡು, ಇನ್ನೊಂದು ಕೈಯಲ್ಲಿ ಗಾಳೆಪ್ಪನ ಮಣಿಕಟ್ಟು ಹಿಡಿದಿದ್ದಳು.

ಗಾಳೆಪ್ಪ ಅಳುತ್ತಿದ್ದ. “ಸೂಜಿ ಈಕಿಗೆ ಒಗ್ಗಲಿಲ್ಲಪಾ. ಬಾಗ್ಲಾ ನಾನೇ ಬಡದೆ. ಆಮ್ಯಾಲ ಈಕಿ ಬಡಿಯಾಕ ಬಿಡಲಿಲ್ಲ.”

ಸಾಹೇಬರು ಚಹಾದ ಲೋಟ ಬಿಸಾಕಿ ಓಡಿಬಂದರು. “ಎತ್ರೋ, ಜೀಪಿಗೆ ಹಾಕ್ರಿ!”

ಕೂಡ್ಲಿಗಿ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಮುದುಕಿಯ ಉಸಿರು ಹತೋಟಿಗೆ ಬಂತು. ಮಹಬೂಬ್ ಅವಳ ಕಾಲು ಹಿಡಿದು ಕೂತಿದ್ದ. ಗಾಳೆಪ್ಪನನ್ನು ಪೊಲೀಸರು ಕರೆದೊಯ್ದಿದ್ದರು. ಪೀರ್ ಬೀ ಕಣ್ಣು ಬಿಟ್ಟವಳೇ ಮಗನನ್ನು ದುರುಗುಟ್ಟಿ ನೋಡಿದಳು.

“ಬೀಗ ಯಾಕ ತೆಗದ್ಯೋ ಮೂಳ? ನಾಳಿಗೆ ನಿನ್ನ ಮಕ್ಳಿಗೆ ಜ್ವರ ಬಂದ್ರ ಸೂಜಿ ಯಾರು ಮಾಡ್ತಾರ?”