ಕತ್ತರಿ ಕೊಟ್ಟ ಕೈ

ಕೋರ್ಟಿನ ಮೂರನೆಯ ಬೆಂಚಿನಲ್ಲಿ ಕೂತರೆ ಕಟಕಟೆಯಲ್ಲಿ ನಿಂತ ಮಾಸ್ಟರ್ ಅವರ ಎಡಗೆನ್ನೆ ಮಾತ್ರ ಕಾಣುತ್ತದೆ. ನನಗೆ ಅಷ್ಟೇ ಸಾಕು. ಅವರ ಟೈಲರ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಎದುರುಬದುರು ಕೂತವಳು ನಾನು. ಅವರು ಬಟ್ಟೆ ಕತ್ತರಿಸುತ್ತಿದ್ದರು, ನಾನು ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದೆ. ಬೀದಿಗೆಲ್ಲ ನಾನು ಅಕ್ಕ. ಅವರೊಬ್ಬರು ಮಾತ್ರ ಎಂದೂ ಅಕ್ಕ ಅನ್ನಲಿಲ್ಲ, ‘ನೋಡಿ’ ಎಂದೇ ಕರೆಯುತ್ತಿದ್ದರು. ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ಆಸೆಪಟ್ಟ ಪೆದ್ದಿ ನಾನು.

ಎರಡು ವರ್ಷದಿಂದ ಅವರು ಜೈಲಿನಲ್ಲಿದ್ದರು. ಕಟ್ಟಡದ ಮಾಲೀಕನ ಮಗ ಅಂಗಡಿ ಖಾಲಿ ಮಾಡು ಎಂದು ಜಗಳಕ್ಕೆ ಬಂದಾಗ ನಾನು ದಾರ ತರಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಅವನು ನೆಲದ ಮೇಲೆ ಬಿದ್ದಿದ್ದ, ಉಸಿರಿರಲಿಲ್ಲ. ಮಾಸ್ಟರ್ ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದು ಅಂಗೈ ತುಂಬ ರಕ್ತ. ಅವನು ಕತ್ತರಿ ಹಿಡಿದು ಮೇಲೆ ಬಿದ್ದ, ಜೀವ ಉಳಿಸಿಕೊಳ್ಳಲು ಹೊಡೆದೆ ಎಂಬುದು ಅವರ ಮಾತು. ನಂಬಿದರೆ ಬಿಡುಗಡೆ, ಇಲ್ಲದಿದ್ದರೆ ಜೀವಾವಧಿ.

"ಅವನು ಬಂದಿದ್ದು ಬರಿಗೈಲಿ," ಎಂದ ಸರ್ಕಾರಿ ವಕೀಲ. "ನಿಮ್ಮ ಕತ್ತರಿ ಅವನ ಕೈಗೆ ಹೇಗ್ರೀ ಹೋಯ್ತು?"

"ನಾನೇ ಕೊಟ್ಟೆ, ಸ್ವಾಮಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವರ ಹಲ್ಲು ಉದುರಿಸಬೇಕೆನ್ನಿಸಿತು.

"ಹೊಡೆಯೋಕೆ ಬಂದವನಿಗೆ ಕತ್ತರಿ ಕೊಟ್ರಾ? ಯಾರ ಕಿವಿಗೆ ಹೂವು ಇಡ್ತೀರಿ?"

"ಕೊಡೋ ಕತ್ತರಿ ಅಂದ, ಕೊಟ್ಟುಬಿಟ್ಟೆ. ಯೋಚನೆ ಮಾಡ್ಲಿಲ್ಲ."

"ಅಂಗೈ ಗಾಯ ಆಮೇಲೆ ನೀವೇ ಮಾಡ್ಕೊಂಡಿದ್ದು." ವಕೀಲ ಮೇಜಿನ ಮೇಲಿದ್ದ ಕತ್ತರಿಯನ್ನು ಅವರ ಕೈಗಿತ್ತ. "ಇದೇ ತಾನೆ ನಿಮ್ಮದು?"

ಮಾಸ್ಟರ್ ತಿರುಗಿಸಿ ನೋಡಿ ಹೂಂ ಎಂದರು.

"ಸರಿ, ಕೊಡಿ ಇಲ್ಲಿ."

ಮಾಸ್ಟರ್ ಯೋಚಿಸಲಿಲ್ಲ. ಅಲಗುಗಳನ್ನು ತಮ್ಮ ಮುಷ್ಟಿಯೊಳಗೆ ಹಿಡಿದು, ಹಿಡಿಯನ್ನು ವಕೀಲನ ಕಡೆಗೆ ಚಾಚಿದರು. ಟೈಲರುಗಳು ಕತ್ತರಿ ಕೊಡುವುದೇ ಹಾಗೆ, ನನಗೂ ಸಾವಿರ ಸಲ ಹಾಗೇ ಕೊಟ್ಟಿದ್ದಾರೆ. ಹಿಡಿಗೆ ಬೆರಳು ತೂರಿಸಿದ ಮೇಲೆಯೇ ವಕೀಲನಿಗೆ ಅರಿವಾಯಿತು. ತಾನು ಜಗ್ಗಿದ್ದರೆ ಮಾಸ್ಟರ್ ಅಂಗೈ ಅವತ್ತಿನಂತೆಯೇ ಸೀಳಿಹೋಗುತ್ತಿತ್ತು.

"ಹಾಗೇ ಇರಿ, ಇಬ್ಬರೂ," ಎಂದರು ನ್ಯಾಯಾಧೀಶರು. ಗುಮಾಸ್ತನನ್ನು ಕರೆದು ಮೆಲ್ಲಗೆ ಮುಷ್ಟಿ ಬಿಡಿಸಿ ನೋಡಿಸಿದರು. ಹಳೆಯ ಗಾಯದ ಗೆರೆಯ ಮೇಲೆಯೇ ಅಲಗು ಕೂತಿತ್ತು. ಈ ಸಲ ಯಾರೂ ನಗಲಿಲ್ಲ.

ಹತ್ತು ದಿನಕ್ಕೆ ತೀರ್ಪು ಬಂತು, ಬಿಡುಗಡೆ. ತಡೆಯಾಜ್ಞೆ ತಂದು ಉಳಿಸಿಕೊಂಡಿದ್ದ ಅಂಗಡಿಯನ್ನು ನಾನು ಅವತ್ತು ಬೆಳಿಗ್ಗೆಯೇ ಗುಡಿಸಿ, ಅವರ ಮೇಜು ಒರೆಸಿ, ಮಿಷನ್ನಿಗೆ ಎಣ್ಣೆ ಬಿಟ್ಟು ಬಂದಿದ್ದೆ. ಕೋರ್ಟಿನ ಮೆಟ್ಟಿಲ ಕೆಳಗೆ ದೂರದೂರಿನಿಂದ ಬಂದ ಅವರ ಅಣ್ಣ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ.

"ನೋಡಿ," ಎಂದರು ಮಾಸ್ಟರ್. "ಅಣ್ಣನ ಜೊತೆ ಹೋಗ್ತಿದೀನಿ. ಆ ನೆಲದ ಮೇಲೆ ಇನ್ನು ನಿಲ್ಲೋಕಾಗಲ್ಲ ನಂಗೆ. ಅಂಗಡಿ ನೀವೇ ನಡೆಸಿ."

ಬಿಡುಗಡೆಯಾದವರು ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದು ಈ ಎರಡು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ.

"ಅಂಗಡಿ ಬೇಡ ನಂಗೆ," ಎಂದೆ. "ನೀವು ಬೇಕು."

ಅಣ್ಣ ಮುಖ ಆಚೆ ತಿರುಗಿಸಿದ. ಮಾಸ್ಟರ್ ಒಂದು ಮೆಟ್ಟಿಲು ವಾಪಸು ಹತ್ತಿದರು.

"ಇಷ್ಟು ವರ್ಷ ಎದುರಿಗೇ ಕೂತಿದ್ನಲ್ಲ. ಆಗ್ಲೇ ಹೇಳ್ಬಾರ್ದಿತ್ತಾ?"

ಕೋಪದಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. ಅಣ್ಣ ಕಾರಿನ ಬಾಗಿಲು ತೆಗೆದ, ಅವರು ಹತ್ತಿ ಕೂತರು.