ಹತ್ತಲಿಲ್ಲ, ಇನ್ನೊಮ್ಮೆ ಒತ್ತು

“ನಾಯಿಗೆ ಹೇಳಿದ್ರೂ ಇಷ್ಟೊತ್ತಿಗೆ ತಿಳೀತಿತ್ತು. ಪಿನ್ ಒತ್ತಿದಾಕಿ ನೀನೋ, ನಮ್ಮ ಬ್ಯಾಂಕೋ?”

ಬ್ಯಾಂಕಿನ ಸಾಹೇಬ ಪಂಢರಿನಾಥರು ಹೀಗೆ ಕೇಳಿದರು. ಇಸ್ತ್ರಿ ಅಂಗಿಯವರಿಗೆ ಇಂಥ ಮಾತು ಸಲೀಸು. ದುರಗವ್ವ ಸೆರಗು ಹಿಂಡುತ್ತ ನಿಂತಿದ್ದಳು. ಅವಳ ಗಂಡ ಮೈಲಾರಿಯನ್ನು ನಾನು ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದೆ. ತಾರಿಹಾಳದ ಶೆಡ್ಡಿನಲ್ಲಿ ನಾವಿಬ್ಬರೂ ತಗಡು ಒತ್ತುವ ಒಂದೇ ಪ್ರೆಸ್ ಮಷಿನ್ನಿಗೆ ಪಾಳಿಯ ಮೇಲೆ ದುಡಿಯುವವರು. ಅವನ ಪಾಳಿಯಲ್ಲಿ ಅದು ಎಡಗೈ ಜಜ್ಜಿತು. ಮಾಲಕ ಅವನ ಪಗಾರದ ಕಾರ್ಡಿಗೆ ಆರು ಸಾವಿರ ಹಾಕಿ ಕೈತೊಳೆದುಕೊಂಡ. ಈಗ ಆ ಕೈ ಕೊಳೆಯುತ್ತಿತ್ತು. ಇವತ್ತೇ ಆಪರೇಷನ್ ಆಗದಿದ್ದರೆ ಮೊಳಕೈವರೆಗೆ ತೆಗೆಯಬೇಕು. ಪೂರಾ ರೊಕ್ಕ ಕಟ್ಟದೆ ದವಾಖಾನೆಯವರು ಒಳಗೆ ಬಿಡರು.

“ನಾನ ಒತ್ತೇನ್ರಿ ಸಾಹೇಬ್ರ. ದವಾಖಾನಿ ಕೌಂಟರಿನ್ಯಾಂವ ಅಡ್ವಾನ್ಸ್ ಎರಡ ಸಾವಿರ ಅಂದು ಕಾರ್ಡ ತಿಕ್ಕಿದ, ನಾ ಪಿನ್ ಒತ್ತಿದೆ. ‘ಹತ್ತಲಿಲ್ಲ, ಇನ್ನೊಮ್ಮೆ ಒತ್ತು’ ಅಂದ. ಹಿಂಗ ಮೂರ ಸರತೆ ಒತ್ತಿಸಿದ.”

“ಮೂರು ಸರತೆ ಒತ್ತಿದ್ರ ಮೂರು ಸರತೆ ಹೋಗ್ತದ.”

“ಹೆಬ್ಬೆಟ್ಟ ಮೂಡಲಿಲ್ಲಂದ್ರ ನೀವೂ ಮತ್ತ ಒತ್ತಸ್ತೀರೆಲ್ರಿ? ಎಷ್ಟ ಸರತೆ ಒತ್ತಿದ್ರೂ ಒಪ್ಪಿದ್ದು ಒಂದ ಅಲ್ಲೇನ್ರಿ?”

ಸಾಹೇಬರು ನಕ್ಕರು. ಸಾಲಿನಲ್ಲಿ ನಿಂತವರೂ ನಕ್ಕರು. ಏಳನೇ ಇಯತ್ತೆ ಕಲಿತ ನಾನೂ ಅಲ್ಲಿದ್ದರೆ ಒತ್ತುತ್ತಿದ್ದೆ.

“ದವಾಖಾನಿಯಾವ್ರು ಒಂದ ಸಲ ಬಂದೈತಿ ಅಂತಾರ. ಉಳಿದದ್ದನ್ನ ಯಾವ ಸೂಳೆಮಗ ನುಂಗಿದ ಹಂಗಾರ?” ಎಂದೆ.

“ಬಾಯಿ ಮುಚ್ಚೋ ಭಾಡ್ಯಾ! ಖಾತೆ ಇವಂದು, ಪಿನ್ ಒತ್ತಿದಾಕಿ ಇಕಿ. ಪೊಲೀಸರಿಗೆ ಹೇಳಿದ್ರ ಇಕಿನ್ನ ಮೊದಲ ಒಳಗ ಹಾಕ್ತಾರ.”

ದುರಗವ್ವ ಅವರ ಕಾಲಿಗೆ ಬಿದ್ದಳು.

“ಹಂಗನಬ್ಯಾಡ್ರಿ ಎಪ್ಪಾ. ರೊಕ್ಕ ಹೊಳ್ಳಿ ಕೊಡ್ರಿ. ಅಂವನ ಕೈ ಹೋಗತೈತ್ರಿ.”

ಸಾಹೇಬರು ಕಾಲು ಎಳೆದುಕೊಂಡು ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. “ದೂರು ಬರದು ಕೊಡ್ರಿ. ವಿಚಾರಣಿಗೆ ಒಂದು ತಿಂಗಳಾಗ್ತದ.”

ತಿಂಗಳಂತೆ! ಕೊಳೆಯುವ ಕೈಗೆ ಇದನ್ನು ಯಾರು ತಿಳಿಸಿ ಹೇಳಬೇಕು? ಆದರೂ ಅಲ್ಲೇ ಕುಕ್ಕರಿಸಿ ಗೀಚಿ ಕೊಟ್ಟೆ.

“ಸಹಿ?”

“ಅಂವಗ ಬರೂದಿಲ್ರಿ.”

“ಹಂಗಾರ ಹೆಬ್ಬೆಟ್ಟು. ಗಂಡಸರದು ಎಡಗೈದ ಆಗಬೇಕು. ಖಾತೆ ತಗದಾಗ ಅದನ್ನ ಕೊಟ್ಟಾನ.” ಸಾಹೇಬರು ತಲೆ ಎತ್ತಿಯೂ ನೋಡಲಿಲ್ಲ.

ದುರಗವ್ವ ನೆಲದಿಂದ ಎದ್ದಳು. ಅಳು ನಿಂತಿತ್ತು. ಗಂಡನ ಕೈಯ ಬ್ಯಾಂಡೇಜನ್ನು ಬಿಚ್ಚತೊಡಗಿದಳು. ನಾತಕ್ಕೆ ಸಾಲು ಹಿಂದೆ ಸರಿಯಿತು. ಮೈಲಾರಿ ಹಲ್ಲು ಕಚ್ಚಿ ಕೈ ಮುಂದೆ ಚಾಚಿದ. ಹೆಬ್ಬೆಟ್ಟು ಮಷಿನ್ನಿನಲ್ಲೇ ಹೋಗಿತ್ತು. ಅದಿದ್ದ ಜಾಗವನ್ನು ಹಾಳೆಯ ಮೇಲಿಟ್ಟು ಅವಳು ಒತ್ತಿ ಹಿಡಿದಳು.

“ಏ, ತಗೀ! ತಗಿಯೇ ಅದನ್ನ!” ಸಾಹೇಬರು ಕುರ್ಚಿ ಕೆಡವಿಕೊಂಡು ಎದ್ದರು. ವಾಚ್‌ಮನ್ ಓಡಿ ಬಂದ, ಮುಟ್ಟಲು ಹೇಸಿ ನಿಂತ. ಕೀವು ಹಾಳೆ ದಾಟಿ ಮೇಜಿನ ಗಾಜಿಗೆ ಇಳಿಯಿತು.

“ಹೊಂದಿಸಿ ನೋಡ್ರಿ ಸಾಹೇಬ್ರ,” ಎಂದಳು ದುರಗವ್ವ. “ಅಂವಂದ ಹೌದೋ ಅಲ್ಲೋ ನೋಡ್ರಿ.”

ಅವಳು ಗಂಡನ ಕೈಯನ್ನು ಹಾಳೆಯಿಂದ ಎತ್ತಲಿಲ್ಲ.