ಹಿತ್ತಲ ನಲ್ಲಿಯ ಸೋಪು

ತೋಳಿನ ಮೇಲೊಂದು ಕೂದಲು, ಗಿಡ್ಡದು, ಕಂದು, ಮುದುಕಿಯದೇ, ಲಾಯದಲ್ಲಿ ಇಷ್ಟು ಒರಟು ಕೂದಲು ಉದುರಿಸುವ ಕುದುರೆ ಅದೊಂದೇ, ಕಿತ್ತರೆ ಬೆರಳಿಗಂಟುತ್ತದೆ, ಬೆರಳಿಂದ ಪ್ಯಾಂಟಿಗೆ, ಹಾಳಾಗಿ ಹೋಗಲಿ — ಆಸ್ಪತ್ರೆಯ ಈ ಬೆಂಚಿನ ಮೇಲೂ ಇನ್ನೆರಡು ಬಿದ್ದಿವೆ, ಮನೆಯಾಗಿದ್ದರೆ ಇಷ್ಟು ಹೊತ್ತಿಗೆ ಹೆಂಡತಿ ಬಾಗಿಲ ಮರೆಯಿಂದಲೇ ಕೈ ಚಾಚಿರುತ್ತಿದ್ದಳು, ಬರೀ ಕೈ, ಮೊಣಕೈವರೆಗೆ, ಅಂಗೈಯಲ್ಲಿ ಸೋಪು, ಕುದುರೆ ಸಾಹೇಬ್ರು ಮೊದ್ಲು ಮನುಷ್ಯರಾಗಿ, ಆಮೇಲೆ ಒಳಗೆ ಬನ್ನಿ. ಮದುವೆಯಾದ ಹೊಸತರಲ್ಲಿ ಲಾಯದಿಂದ ನೇರ ಬಂದು ಅವಳ ಹೆಗಲು ಮುಟ್ಟಿದ್ದೆ, ಮುಟ್ಟಿದಲ್ಲೆಲ್ಲ ದದ್ದು, ಕಣ್ಣು ಊದಿ, ಮೂಗು ಕಟ್ಟಿ, ಸೀನಿ ಸೀನಿ ಸುಸ್ತಾಗಿದ್ದಳು, ಅಲ್ಲಿಂದ ಶುರು ಈ ಹಿತ್ತಲ ನಲ್ಲಿಯ ಸ್ನಾನ, ಬಟ್ಟೆಗೆ ಬೇರೆ ಬಕೆಟ್ಟು, ಚಪ್ಪಲಿಗೆ ಬೇರೆ ಮೂಲೆ, ನೆಂಟರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಸವತಿ ವಾಸನೆ ಕಣೇ ಅದು, ಹೊಟ್ಟೆಕಿಚ್ಚಿಗೆ ಮೈಯೆಲ್ಲ ಉರಿಯುತ್ತೆ ಅಂತ ರೇಗಿಸಿದರೆ ಒದ್ದೆ ಟವೆಲ್ಲು ಮುಖಕ್ಕೇ ಬೀಳುತ್ತಿತ್ತು.

ಇವತ್ತು ತೊಳೆದುಕೊಳ್ಳಲಿಲ್ಲ. ಪಕ್ಕದ ಮನೆಯಾಕೆ ಲಾಯದ ಗೇಟಿನಲ್ಲೇ ನಿಂತು ಕೂಗಿದ್ದು, ನಿಮ್ಮನೆಯವ್ರಿಗೆ ಸೌದೆ ತೆಗೀವಾಗ ಹಾವು ಕಚ್ತು — ಕೈಯಲ್ಲಿದ್ದ ಬ್ರಷ್ಷು ಎಲ್ಲಿ ಬಿತ್ತೋ, ಓಡಿದೆ, ಹಾಗೇ ಎತ್ತಿಕೊಂಡೆ, ಎದೆಗವಚಿಕೊಂಡು, ಬೆವರು ಕೂದಲು ಲದ್ದಿ ಎಲ್ಲದರ ಸಮೇತ, ದಾರಿಯಲ್ಲಿ ಕಣ್ಣು ಮುಚ್ಚಿಕೊಂಡೇ ಸೀನಿದಳು, ಥೂ, ಸ್ನಾನ ಮಾಡಿಲ್ಲ ನೀವು, ರೆಪ್ಪೆ ಆಗಲೇ ಜೋತುಬಿದ್ದು ನಾಲಿಗೆ ತೊದಲುತ್ತಿತ್ತು, ಆದರೂ ಬೈಗುಳ ಮಾತ್ರ ಸ್ಪಷ್ಟ. ಇವಳಿಗೆ ಕುದುರೆ ಆಗಲ್ಲ ಸಾರ್ ಅಂತ ಡಾಕ್ಟರಿಗೆ ಮೊದಲೇ ಹೇಳಿದೆ, ಪಾಪ, ಮುಚ್ಚಿಡದೆ ಹೇಳಿದರು, ವಿಷಕ್ಕೆ ಮದ್ದು ಕೊಟ್ರೆ ಮೈಗೆ ಒಗ್ಗದೆ ಹೋಗಬಹುದು, ಕೊಡದಿದ್ರೆ ಉಸಿರು ನಿಲ್ಲೋದು ಖಂಡಿತ, ಬೇರೆ ಮದ್ದಿಲ್ಲ, ನಿಧಾನಕ್ಕೆ ಬಿಡ್ತೀವಿ. ತಲೆಯಾಡಿಸಿದೆ, ಇನ್ನೇನು ಮಾಡಲಿ. ಕುದುರೆಗೆ ಹಾವಿನ ವಿಷ ಚೂರು ಚೂರೇ ಚುಚ್ಚುವಾಗ ಕತ್ತು ಹಿಡಿದುಕೊಳ್ಳುವವನು ನಾನೇ, ವಿಷ ಒಗ್ಗಿದ ಮೇಲೆ ರಕ್ತ ತೆಗೆಯುವಾಗ ಹಣೆ ಸವರುವವನೂ ನಾನೇ, ಆ ರಕ್ತದಿಂದಲೇ ಈ ಮದ್ದು, ಮುದುಕಿಯಂತೂ ತಾನಾಗಿಯೇ ಕತ್ತು ಒಡ್ಡುತ್ತಾಳೆ, ಎಷ್ಟು ಜನರನ್ನ ಉಳಿಸಿದ್ದೀಯೇ ತಾಯಿ ಅಂತ ಸಕ್ಕರೆ ತಿನ್ನಿಸುತ್ತೇನೆ, ಇವಳೊಬ್ಬಳನ್ನ ಉಳಿಸಿಬಿಡು, ಇನ್ನೇನೂ ಕೇಳುವುದಿಲ್ಲ.

ಹನಿ ಇಳಿಯತೊಡಗಿತು, ಮೊದಲು ಕತ್ತು ಕೆರೆದುಕೊಂಡಳು, ಆಮೇಲೆ ತೋಳಿನ ತುಂಬ ದದ್ದು, ಅದೇ ದದ್ದು, ತುಟಿ ಊದಿತು, ಎದೆಯೊಳಗೆ ಸಿಳ್ಳೆಯಂಥ ಸದ್ದು, ನಿಲ್ಸಿ ನಿಲ್ಸಿ ಎನ್ನುತ್ತ ಡ್ರಿಪ್ ಮುಚ್ಚಿದರು, ತೊಡೆಗೆ ಸೂಜಿ ಚುಚ್ಚಿದರು, ನಾನು ಹತ್ತಿರವಿದ್ದರೆ ಇನ್ನೂ ಹೆಚ್ಚಾದೀತೆಂದು ಹಿಂದೆ ಹಿಂದೆ ಸರಿದು ಹೊರಗೇ ಬಂದುಬಿಟ್ಟೆ, ದದ್ದು ಇಳೀತು ಅಂದರು, ಮತ್ತೆ ಬಿಡ್ತಿದೀವಿ ಅಂದರು, ಆಮೇಲೆ ಯಾರೂ ಏನೂ ಅನ್ನಲಿಲ್ಲ, ಹೆದರಿಕೆಯಾಗುತ್ತಿದೆ ನನಗೆ, ಅವಳಿಲ್ಲದ ಮನೆಗೆ ಎಷ್ಟು ತೊಳೆದುಕೊಂಡು ಹೋದರೇನು. ವರಾಂಡದ ಕೊನೆಯ ನಲ್ಲಿಯಲ್ಲಿ ಸೋಪೇ ಇಲ್ಲ, ಬರೀ ನೀರಿಗೆ ಈ ವಾಸನೆ ಹೋಗುವುದಿಲ್ಲ, ಉಗುರಿನಿಂದ ಕೆರೆದೆ, ಮೂಸಿದೆ, ಇದೆ, ಇನ್ನೂ ಇದೆ, ಬಾಗಿಲು ತೆರೆಯಿತು, ನರ್ಸಮ್ಮ, ನನ್ನ ಮುಖ ನೋಡದೆ, ಒಳಗೆ ಬನ್ನಿ, ಬಂದು ಕೈ ಹಿಡ್ಕೊಳ್ಳಿ, ಸೋಪಿದ್ರೆ ಕೊಡಮ್ಮ ಅಂದೆ, ಕುದುರೆ ಮುಟ್ಟಿದ ಕೈ, ಹೀಗೇ ಹಿಡ್ಕೊಂಡ್ರೆ ದದ್ದು ಏಳುತ್ತೆ, ನರ್ಸಮ್ಮ ಬಾಗಿಲು ಹಿಡಿದುಕೊಂಡೇ, ಪರವಾಗಿಲ್ಲ ಬನ್ನಿ, ಇನ್ನು ಏಳಲ್ಲ, ಅಂದಳು, ಇನ್ನು ಏಳಲ್ಲ, ಬಾಗಿಲು ಅರ್ಧ ತೆರೆದಿದೆ, ಡ್ರಿಪ್ ಕಳಚಿಟ್ಟಿದ್ದಾರೆ, ಉಸಿರಿನ ಸಿಳ್ಳೆಯೂ ಕೇಳುತ್ತಿಲ್ಲ, ಮಂಚದಂಚಿಗೆ ಕೈ ಕಾಣುತ್ತಿದೆ, ಬರೀ ಕೈ, ಮೊಣಕೈವರೆಗೆ, ಅಂಗೈ ಮೇಲಾಗಿ, ಅಂಗೈಯಲ್ಲಿ ಸೋಪಿಲ್ಲ —